ಒಂದೇ ನಕ್ಷತ್ರ ಮತ್ತೆ ಮತ್ತೆ ಸಿಡಿಯೋದು ಹೇಗೆ?

ಟೆರೇಸ್ ಗಿರಾಕಿ:
ಉತ್ತರ ಕಿರೀಟ ಅನ್ನೋ ನಕ್ಷತ್ರಪುಂಜದ ‘ಟಿ’ ನಕ್ಷತ್ರ ಸಿಡಿಯುತ್ತೆ ಅಂತ ಸುದ್ದಿ ಓದಿದೆ. 1866ರಲ್ಲಿ ಸಿಡಿದಿತ್ತಂತೆ, 1946ರಲ್ಲೂ ಸಿಡಿದಿತ್ತಂತೆ. ಒಮ್ಮೆ ಸಿಡಿದ ಮೇಲೆ ಚೂರುಚೂರಾಗಬೇಕಲ್ವಾ? ಸಾಲದ್ದಕ್ಕೆ ಅದನ್ನ ‘ನೋವಾ’, ಅಂದರೆ ಹೊಸದು ಅಂತಾರೆ. ಹೊಸದು ಯಾವುದು ಅಲ್ಲಿ?

ಸ್ವಾತಿ ಮಳೆ:
ಸಿಡಿಯೋದು ನಕ್ಷತ್ರ ಅಲ್ಲ, ಅದರ ಮೇಲೆ ಕೂತ ಪದರ. ಅಲ್ಲಿರೋದು ಒಂದು ನಕ್ಷತ್ರ ಜೋಡಿ. ಒಂದು ಊದಿಕೊಂಡ ಕೆಂಪು ದೈತ್ಯ. ಇನ್ನೊಂದು ಶ್ವೇತ ಕುಬ್ಜ, ಅಂದರೆ ಇಂಧನ ಮುಗಿದ ನಕ್ಷತ್ರದ ಉಳಿದ ತಿರುಳು; ಗಾತ್ರ ಸುಮಾರು ಭೂಮಿಯಷ್ಟು, ತೂಕ ಸೂರ್ಯನಿಗಿಂತ ಜಾಸ್ತಿ. ದೈತ್ಯನ ಹೈಡ್ರೋಜನ್ ಕುಬ್ಜನ ಮೇಲೆ ಸುರಿಯುತ್ತಲೇ ಇರುತ್ತದೆ. ಒತ್ತಡ, ಬಿಸಿ ಏರಿ ಏರಿ ಕೊನೆಗೆ ಆ ಪದರದಲ್ಲಿ ಪರಮಾಣು ಬೆಸುಗೆ ಹತ್ತಿಕೊಳ್ಳುತ್ತದೆ. ಪದರ ಹಾರಿಹೋಗುತ್ತದೆ, ಕುಬ್ಜ ಉಳಿಯುತ್ತದೆ. ಹಾಲು ಉಕ್ಕಿದರೆ ಪಾತ್ರೆ ಒಡೆಯಲ್ಲವಲ್ಲ, ಹಾಗೆ. ಮತ್ತೆ ತುಂಬೋಕೆ ಸುಮಾರು 80 ವರ್ಷ.

ಹೆಸರಿನ ಕತೆ ಇನ್ನೂ ಮಜಾ. 1572ರ ನವೆಂಬರ್‌ನಲ್ಲಿ ಡೆನ್ಮಾರ್ಕಿನ ಖಗೋಳಜ್ಞ ಟೈಕೋ ಬ್ರಾಹೆ ಕ್ಯಾಸಿಯೋಪಿಯಾ ಪುಂಜದಲ್ಲಿ ಒಂದು ನಕ್ಷತ್ರ ನೋಡಿದ. ಅಲ್ಲಿ ಅದಕ್ಕೂ ಮುಂಚೆ ಏನೂ ಕಾಣುತ್ತಿರಲಿಲ್ಲ. ಶುಕ್ರನಷ್ಟು ಬೆಳಗಿತು, ಹಗಲಲ್ಲೂ ಕಂಡಿತು. ಮರುವರ್ಷ ಪುಸ್ತಕವನ್ನೇ ಬರೆದ. ಕಣ್ಣಿಗೆ ಹೊಸದು, ಅದಕ್ಕೇ ಲ್ಯಾಟಿನ್‌ನಲ್ಲಿ ನೋವಾ. ದೂರದರ್ಶಕವೇ ಇಲ್ಲದ ಕಾಲ, ಅವನನ್ನು ದೂರುವಂತಿಲ್ಲ. ಆದರೆ ಟೈಕೋ ಕಂಡದ್ದು ಈಗಿನ ಲೆಕ್ಕದಲ್ಲಿ ನೋವಾನೇ ಅಲ್ಲ, ಸೂಪರ್‌ನೋವಾ! ಅಲ್ಲಿ ಕುಬ್ಜ ಪೂರ್ತಿ ಛಿದ್ರವಾಗಿದೆ. ನೀವು ಕೇಳಿದ ‘ಚೂರುಚೂರು’ ಅದು.

ಟೆರೇಸ್ ಗಿರಾಕಿ:
ಓಹ್. ಹಾಗಾದ್ರೆ ಎರಡೂ ಬೇರೆ ಅಂತ ಗೊತ್ತಾಗಿದ್ದು ಯಾವಾಗ?

ಸ್ವಾತಿ ಮಳೆ:
ತುಂಬಾ ತಡವಾಗಿ. 1885ರಲ್ಲಿ ಆಂಡ್ರೊಮಿಡಾ ಗೆಲಾಕ್ಸಿಯಲ್ಲಿ ಒಂದು ನಕ್ಷತ್ರ ಸಿಡಿದಿತ್ತು. ಆಂಡ್ರೊಮಿಡಾ ನಮ್ಮ ಗೆಲಾಕ್ಸಿಯ ಆಚೆ ಇದೆ ಅಂತ ಖಗೋಳಜ್ಞ ಹಬಲ್ 1920ರ ದಶಕದಲ್ಲಿ ತೋರಿಸಿದರು. ಅಷ್ಟು ದೂರದಿಂದ ಅಷ್ಟು ಬೆಳಕು ಬಂದಿದ್ದರೆ ಅದು ಮಾಮೂಲಿ ನೋವಾಗಿಂತ ಸಾವಿರಾರು ಪಟ್ಟು ದೊಡ್ಡದಿರಬೇಕು. 1934ರಲ್ಲಿ ಬಾಡೆ ಮತ್ತು ಜ್ವಿಕಿ ಎಂಬ ಖಗೋಳಜ್ಞರು ‘ಸೂಪರ್‌ನೋವಾ’ ಹೆಸರಲ್ಲಿ ಪ್ರಬಂಧ ಬರೆದರು. ‘ನೋವಾ’ದ ಮೊದಲಿಗೆ ಒಂದು ‘ಸೂಪರ್’ ಅಂಟಿಸಿ ಕೆಲಸ ಮುಗಿಸಿದರು. ನನಗೇನೋ ಇದು ಸೋಮಾರಿತನ ಅನಿಸುತ್ತೆ.

ಮೋಡ ಕವಿದ ಮಲೆನಾಡು:
ನೋಡೋದು ಎಲ್ಲಿ ಅಂತ ಯಾರೂ ಹೇಳಲಿಲ್ಲ! ಸ್ವಾತಿ ನಕ್ಷತ್ರದಿಂದ ಅಭಿಜಿತ್ ನಕ್ಷತ್ರದ ಕಡೆಗೆ ಹೋಗಿ. ದಾರಿಯಲ್ಲಿ, ಸ್ವಾತಿಗೆ ಹತ್ತಿರವೇ, ಅರ್ಧ ಬಳೆಯಂಥ ಪುಟ್ಟ ಪುಂಜ ಸಿಗುತ್ತೆ, ಅದೇ ಉತ್ತರ ಕಿರೀಟ. ‘ಟಿ’ ಸುಮ್ನೆ ಇರುವಾಗ ಬರಿಗಣ್ಣಿಗೆ ಕಾಣಲ್ಲ. ಸಿಡಿದರೆ ಧ್ರುವ ನಕ್ಷತ್ರದಷ್ಟು, ಅದೂ ಕೆಲವೇ ದಿನ. ನಮ್ಮಲ್ಲಿ ಜುಲೈನಲ್ಲಿ ಸಿಡಿದರೆ ದೇವರೇ ಗತಿ.

ಸ್ವಾತಿ ಮಳೆ:
1866ರದ್ದು ಮೇ, 1946ರದ್ದು ಫೆಬ್ರವರಿ. ಫೆಬ್ರವರಿಯಲ್ಲಾದರೆ ಮೋಡದ ಕಾಟ ಕಮ್ಮಿ, ಆದರೆ ಬೆಳಗಿನ ಜಾವ ಏಳಬೇಕು.