ಪದಚರ್ಚೆ: ಕೈಯ ‘ಪೋಸ್’, ಕ್ಯಾಮೆರಾದ ‘ಪೋಸ್’ – ಎರಡಕ್ಕೂ ‘ಭಂಗಿ’ ಸರಿಯೇ?

ಎಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿ-ಧಾರವಾಡದ ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ವರ್ಧಿತ ವಾಸ್ತವದ (ಆಗ್ಮೆಂಟೆಡ್ ರಿಯಾಲಿಟಿ, ಅಂದರೆ ಫೋನಿನಲ್ಲೋ ತಲೆಗೆ ತೊಡುವ ಹೆಡ್‌ಸೆಟ್‌ನಲ್ಲೋ ಕಾಣುವ ನಿಜದ ದೃಶ್ಯಕ್ಕೆ ಕಂಪ್ಯೂಟರ್ ಚಿತ್ರಗಳನ್ನು ಕೂಡಿಸಿ ತೋರಿಸುವ ತಂತ್ರ) ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಕೈಸನ್ನೆಯ ಅಧ್ಯಾಯದಲ್ಲಿ ‘ಪೋಸ್’ ಎಂಬ ಪದ ನನ್ನನ್ನು ನಿಲ್ಲಿಸಿಬಿಟ್ಟಿದೆ. ನಿಮ್ಮ ಸಲಹೆ ಬೇಕು.

ಈ ವಿಷಯದಲ್ಲಿ ಪೋಸ್‌ಗೆ ಎರಡು ಅರ್ಥ. ಒಂದು, ಕೈ ಅಥವಾ ಮೈ ಹೇಗೆ ಮಡಚಿದೆ, ಹೇಗೆ ಚಾಚಿದೆ ಎಂಬುದು. ಗೂಗಲ್ 2019ರಲ್ಲಿ ಹೊರತಂದ ಮೀಡಿಯಾಪೈಪ್ ಎಂಬ ತಂತ್ರಾಂಶ ಕ್ಯಾಮೆರಾ ಚಿತ್ರ ನೋಡಿ ಒಂದು ಕೈಯಲ್ಲಿ 21 ಬಿಂದುಗಳನ್ನು ಗುರುತಿಸುತ್ತದೆ. ಮಣಿಕಟ್ಟಿಗೆ ಒಂದು, ಪ್ರತಿ ಬೆರಳಿಗೆ ನಾಲ್ಕು. ಇಡೀ ಮೈಗಾದರೆ 33. ಇದಕ್ಕೆ ‘ಭಂಗಿ’ ಚೆನ್ನಾಗಿ ಒಪ್ಪುತ್ತದೆ.

ಎರಡನೆಯದು ಬೇರೆಯೇ. ಫೋನು ಅಥವಾ ಹೆಡ್‌ಸೆಟ್ ಕೋಣೆಯಲ್ಲಿ ಎಲ್ಲಿದೆ, ಎತ್ತ ಮುಖ ಮಾಡಿದೆ ಎಂಬುದು. ಇದು ಆರು ಸಂಖ್ಯೆಗಳ ಲೆಕ್ಕ. ಎಡ-ಬಲ, ಮೇಲೆ-ಕೆಳಗೆ, ಹಿಂದೆ-ಮುಂದೆ ಎಷ್ಟು ಸರಿದಿದೆ ಅಂತ ಮೂರು. ಎಷ್ಟು ತಿರುಗಿದೆ, ಎಷ್ಟು ಬಾಗಿದೆ, ಎಷ್ಟು ವಾಲಿದೆ ಅಂತ ಇನ್ನು ಮೂರು. ಈ ಲೆಕ್ಕ ಸ್ವಲ್ಪ ಹೆಚ್ಚುಕಮ್ಮಿಯಾದರೂ ಮೇಜಿನ ಮೇಲೆ ಇದ್ದಂತೆ ಕಾಣುತ್ತಿದ್ದ ಕಂಪ್ಯೂಟರ್ ಹೂಕುಂಡ ಮೆಲ್ಲಗೆ ಜಾರತೊಡಗುತ್ತದೆ. ‘ಕ್ಯಾಮೆರಾದ ಭಂಗಿ’ ಎಂದಿದ್ದ ಕರಡು ಓದಿದ ವಿದ್ಯಾರ್ಥಿನಿಯೊಬ್ಬಳು ಅದನ್ನು ಫೋಟೊಗೆ ನಿಂತವರ ಭಂಗಿ ಅಂತಲೇ ತಿಳಿದಳು. ‘ಪೋಸ್’ ಅಂತಲೇ ಬಿಡೋಣವೆಂದರೆ ‘ಪೋಸ್ ಕೊಡು’ ಆಗಲೇ ನಮ್ಮ ಬಾಯಲ್ಲಿದೆ. ಗೊಂದಲ ಇನ್ನೂ ಜಾಸ್ತಿ, ಅಲ್ವಾ?

ಎರಡೂ ಅರ್ಥಗಳು ಒಂದೇ ವಾಕ್ಯದಲ್ಲಿ ಬರುವುದೂ ಉಂಟು. ಓಪನ್‌ಎಕ್ಸ್‌ಆರ್ ಎಂಬ, ಬೇರೆ ಬೇರೆ ಹೆಡ್‌ಸೆಟ್‌ಗಳಿಗೆ ಒಂದೇ ರೀತಿ ತಂತ್ರಾಂಶ ಬರೆಯಲು ಇರುವ ಮಾನಕದಲ್ಲಿ ಒಂದು ಕೈಗೆ 26 ಕೀಲುಗಳು. ಒಂದೊಂದು ಕೀಲಿಗೂ ತನ್ನದೇ ಜಾಗ, ತನ್ನದೇ ದಿಕ್ಕು. ಆ 26 ಪೋಸ್‌ಗಳು ಸೇರಿದಾಗ ಇಡೀ ಕೈಯ ಪೋಸ್! ಇದನ್ನು ಒಂದೇ ಪದದಲ್ಲಿ ಕನ್ನಡಕ್ಕೆ ತಂದರೆ ಯಾರಿಗೂ ತಿಳಿಯುವುದಿಲ್ಲ. ಎರಡನೆಯ ಅರ್ಥಕ್ಕೆ ಸದ್ಯ ‘ನೆಲೆದಿಕ್ಕು’ ಅಂತ ಬರೆದಿದ್ದೇನೆ. ಆಗ ‘26 ಕೀಲುಗಳ ನೆಲೆದಿಕ್ಕು ಸೇರಿ ಕೈಯ ಭಂಗಿ’ ಎನ್ನಬಹುದು. ‘ನಿಲುವು’ ಕೂಡ ಯೋಚಿಸಿದೆ. ಆದರೆ ‘ಸರ್ಕಾರದ ನಿಲುವು’ ಅಂತ ದಿನಾ ಪತ್ರಿಕೆಯಲ್ಲಿ ಓದುವವರಿಗೆ ಅದು ಅಭಿಪ್ರಾಯ.

‘ಸನ್ನೆ’ಯ ಬಗ್ಗೆ ನನಗೆ ಅನುಮಾನವಿಲ್ಲ. ಭಂಗಿ ಒಂದು ಕ್ಷಣದ್ದು. ಸನ್ನೆಗೆ ಸಾಮಾನ್ಯವಾಗಿ ಚಲನೆ ಇರುತ್ತದೆ, ಏನನ್ನೋ ಹೇಳುವ ಉದ್ದೇಶವಂತೂ ಇದ್ದೇ ಇರುತ್ತದೆ. ಮೈಕ್ರೋಸಾಫ್ಟ್‌ನ 2016ರ ಹೋಲೋಲೆನ್ಸ್ ಹೆಡ್‌ಸೆಟ್‌ನಲ್ಲಿ ‘ಬ್ಲೂಮ್’ ಎಂಬ ಸನ್ನೆ ಇತ್ತು. ಐದೂ ಬೆರಳ ತುದಿ ಕೂಡಿಸಿ ಹಿಡಿದು, ಆಮೇಲೆ ಅರಳಿಸಬೇಕು. ಭರತನಾಟ್ಯ ಕಲಿತವರಿಗೆ ಆ ಕೂಡಿಸಿ ಹಿಡಿದ ಕೈ ಮುಕುಲ ಹಸ್ತ. ಆ ಮುಕುಲ ಭಂಗಿ, ಅದು ಅರಳುವುದು ಸನ್ನೆ. ನಮ್ಮ ಕಡೆ ಬಸ್ಸಿಗೆ ‘ಕೈ ಮಾಡು’ ಅಂತೀವಿ. ನನಗೆ ಬಹಳ ಇಷ್ಟದ ಮಾತು. ಆದರೆ ಒಬ್ಬರ ಮೇಲೆ ಕೈ ಮಾಡಿದರೆ ಅದು ಹೊಡೆತ. ಪಾಠಕ್ಕೆ ಸನ್ನೆಯೇ ಸರಿ.

ಆಪಲ್‌ನ ವಿಷನ್ ಪ್ರೊ ಹೆಡ್‌ಸೆಟ್‌ನಲ್ಲಿ ಹೆಬ್ಬೆರಳು, ತೋರುಬೆರಳಿನ ತುದಿ ತಾಗಿಸಿದರೆ ಆಯ್ಕೆ ಆಗುತ್ತದೆ. ಇಂಗ್ಲಿಷಿನ ‘ಪಿಂಚ್’ ಇದು. ಇದಕ್ಕೆ ‘ಚಿವುಟು’ ಬೇಡ, ಅದರಲ್ಲಿ ನೋವಿದೆ. ಒಗ್ಗರಣೆಗೆ ಅರಿಸಿನ ಹಾಕುವಾಗ ಬೆರಳು ಕೂಡುತ್ತವಲ್ಲ, ಆ ‘ಚಿಟಿಕೆ’ ಸಾಕು. ‘ಚಿಟಿಕೆ ಹೊಡೆ’ ಎಂದರೆ ಸದ್ದು ಬರುತ್ತದೆ. ಹಾಗಾಗಿ ‘ಚಿಟಿಕೆ ಹಿಡಿ’.

ಕೈಯ ಚಲನೆಯನ್ನು ಬಿಡದೆ ಅನುಸರಿಸುವ ಟ್ರ್ಯಾಕಿಂಗ್‌ಗೆ ‘ಪತ್ತೆ’ ಎಂದು ಬರೆಯುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಮೀಡಿಯಾಪೈಪ್ ಮೊದಲು ಅಂಗೈಯನ್ನು ಹುಡುಕುತ್ತದೆ. ಬೆರಳುಗಳಂತೆ ಅಂಗೈಯ ಆಕಾರ ಪದೇ ಪದೇ ಬದಲಾಗುವುದಿಲ್ಲ, ಅದಕ್ಕೆ. ಇದು ಪತ್ತೆ. ಒಮ್ಮೆ ಸಿಕ್ಕಮೇಲೆ ವಿಡಿಯೊದ ಪ್ರತಿ ಫ್ರೇಮಿನಲ್ಲೂ ಸುಮ್ನೆ ಹುಡುಕುತ್ತಾ ಕೂರುವುದಿಲ್ಲ. ಹಿಂದಿನ ಫ್ರೇಮಿನ ಬಿಂದುಗಳನ್ನು ನೋಡಿ ಮುಂದಿನದರಲ್ಲಿ ಕೈ ಎಲ್ಲಿರಬಹುದು ಅಂತ ಅಂದಾಜು ಮಾಡುತ್ತದೆ. ಕೈ ಕಳೆದುಹೋದರೆ ಮಾತ್ರ ಮತ್ತೆ ಪತ್ತೆಯ ಕೆಲಸ. ನಡುವಿನ ಈ ಕೆಲಸಕ್ಕೆ ‘ಜಾಡು’ ಕೂಡ ಪೂರ್ತಿ ಕೂಡುವುದಿಲ್ಲ. ಜಾಡು ಎಂದರೆ ಹೋದಮೇಲೆ ಉಳಿಯುವ ಗುರುತು. ನಮ್ಮ ‘ಬೆನ್ನು ಹತ್ತು’ ಹತ್ತಿರದ್ದು ಅನ್ನಿಸುತ್ತದೆ.

ಒಂದು ಬೆರಳು ಇನ್ನೊಂದರ ಹಿಂದೆ ಹೋಗಿ ಕ್ಯಾಮೆರಾಕ್ಕೆ ಕಾಣದಿದ್ದರೆ ಅದು ‘ಮರೆ’. ದನದ ಸಂತೆಯಲ್ಲಿ ಟವೆಲ್ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವುದನ್ನು ನೋಡಿದವರಿಗೆ ಬೇರೆ ವಿವರಣೆ ಬೇಡ.

ಈಗ ಕೇಳಬೇಕಾದ್ದು. ‘ನೆಲೆದಿಕ್ಕು’ ಓದಲು ತೊಡಕಾಗುತ್ತದೆಯೇ? ಇದಕ್ಕಿಂತ ಚಿಕ್ಕ ಪದ ಇದೆಯೇ? ‘ಬೆನ್ನು ಹತ್ತು’ ಮೈಸೂರು, ಮಂಗಳೂರು ಕಡೆಯವರಿಗೆ ಕೂಡಲೇ ತಿಳಿಯುತ್ತದೆಯೇ? ಬೆರಳಿನ ಕೀಲಿಗೆ ನಾವು ‘ಗಿಣ್ಣು’ ಅಂತೀವಿ, ಕಬ್ಬಿಗೆ ಹೇಳುವಂತೆಯೇ. ಗದಗ, ಹಾವೇರಿಯವರು ಏನಂತೀರಿ? ಮಣಿಕಟ್ಟಿನ ಕೀಲಿಗೂ ಅದನ್ನೇ ಬಳಸುತ್ತೀರಾ, ಬೆರಳಿಗೆ ಮಾತ್ರವೇ?