ಹಾಸ್ಟೆಲ್‌ನಾಗ ವೇಪ್: ಆಸ್ಪತ್ರೆ, ಪೊಲೀಸ್ ಜೊತೆ ಸೇರಿ ಕೆಲಸ ಮಾಡಿದ ಕಾಲೇಜಿನವರು ಅನುಭವ ಹೇಳ್ರಿ

ಕೊಪ್ಪಳ_ಎನ್ನೆಸ್ಸೆಸ್:
ಕೊಪ್ಪಳ ಹತ್ತಿರದ ಕಾಲೇಜು, ಎರಡು ಹಾಸ್ಟೆಲ್. ಕಳೆದ ಸೆಮಿಸ್ಟರ್‌ನಿಂದ ವೇಪ್ (ನಿಕೋಟಿನ್ ದ್ರವ ಕಾಯಿಸಿ ಎಳೆಯೋ ಇ-ಸಿಗರೇಟ್) ಕಾಣಿಸ್ತಿದೆ. ನೋಡಿದ್ರೆ ಹೈಲೈಟರ್ ಪೆನ್ ಅನ್ಸುತ್ತೆ, ವಾಸನೆ ಮಾವಿನಹಣ್ಣಿಂದು. ಜಿಲ್ಲಾಸ್ಪತ್ರೆಯ ತಂಬಾಕು ವ್ಯಸನಮುಕ್ತಿ ಕೇಂದ್ರ, ಪೊಲೀಸ್, ಎನ್ನೆಸ್ಸೆಸ್ ಮೂರೂ ಕೂಡಿಸಿ ಏನಾದ್ರೂ ಮಾಡ್ಬೇಕು ಅಂತಿದೀವಿ. ಕೈಯಲ್ಲಿರೋದು 40 ಸಾವಿರ. ವೇಪ್ ಪತ್ತೆ ಹಚ್ಚೋ ಯಂತ್ರ ತರೋದಾ, ಆಪ್ತಸಮಾಲೋಚಕರನ್ನ ಕರೆಸೋದಾ? ಪ್ರಾಂಶುಪಾಲರು ಮಾತ್ರ ಸಿಕ್ಕವರನ್ನೆಲ್ಲ ಸಸ್ಪೆಂಡ್ ಮಾಡಿ ಅಂತಾರೆ. ಮಾಡಿ ನೋಡಿದವರು ಹೇಳ್ರಿ.

ಬಳ್ಳಾರಿ_ವಾರ್ಡನ್:
ಯಂತ್ರದ ಸುದ್ದಿಗೆ ಹೋಗಬ್ಯಾಡ್ರಿ. ನಮ್ಮ ಹಾಸ್ಟೆಲ್ ಶೌಚಾಲಯಗಳಿಗೆ ಆರು ವೇಪ್ ಸೆನ್ಸರ್ ಹಾಕಿಸಿದ್ವಿ. ಒಂದಕ್ಕೆ 14 ಸಾವಿರ, ಆರಕ್ಕೆ 84 ಸಾವಿರ. ವೈರಿಂಗ್, ವೈಫೈ ರೂಟರ್ ಬೇರೆ, ಅದು ಮತ್ತ 19 ಸಾವಿರ. ಈ ಸೆನ್ಸರ್ ನಿಕೋಟಿನ್ ಹಿಡಿಯಂಗಿಲ್ಲ, ಗಾಳ್ಯಾಗಿನ ಸಣ್ಣ ಕಣ ಎಣಿಸ್ತದ. ಹಂಗಾಗಿ ಬಾಡಿ ಸ್ಪ್ರೇಗೂ ಕೂಗ್ತದ, ಊದುಬತ್ತಿಗೂ ಕೂಗ್ತದ, ಚಳಿಗಾಲದಾಗ ಬಿಸಿನೀರ ಬಕೆಟ್ಟಿನ ಹಬಿಗೂ ಕೂಗ್ತದ. ಬಳ್ಳಾರಿ ಧೂಳು ನಿಮಗ ಗೊತ್ತೇ ಅದ. ಹದಿನೈದು ದಿನಕ್ಕೊಮ್ಮೆ ಬ್ಲೋವರ್ ಹಿಡಿದು ಊದದಿದ್ರ ಒಳಗಿನ ಜಾಳಿ ಕೆಂಪಗೆ ಕಟ್ಕೊಂಡು ಒಂದೇ ಸಮ ಅಲಾರಂ. ಕರೆಂಟ್ ಹೋಗಿ ಬಂದ್ರ ವೈಫೈ ತಾನಾಗೇ ಕೂಡಂಗಿಲ್ಲ, ಎರಡೆರಡು ದಿನ ಸತ್ತು ಬಿದ್ದಿರ್ತದ.

ಹುಡುಗ್ರು ಒದ್ದೆ ಟವೆಲ್‌ನಾಗ ಊದಿ ಬಿಡ್ತಾರ. ವಾರ್ಡನ್ ಎರಡು ಮಹಡಿ ಹತ್ತೋದ್ರೊಳಗ ಹೊಗಿ ಕರಗಿರ್ತದ. ಎಂಟನೇ ತಿಂಗಳಿಗೆ ಆರರಾಗ ನಾಲ್ಕು ಬಿಚ್ಚಿಟ್ವಿ. ಆದ್ರ ಶಿಸ್ತು ಬ್ಯಾಡ ಅಂತ ನಾನು ಹೇಳಂಗಿಲ್ಲ. ಸಿಕ್ಕವರ ಮನಿಗೆ ಫೋನ್ ಹೋಗಲೇಬೇಕು.

ರಾಯಚೂರು_ಆಪ್ತಸಮಾಲೋಚಕಿ:
ವಾರ್ಡನ್ ಸರ್, ಆ ಫೋನ್ ಮಾಡಿದ ದಿನಾನೇ ನಮ್ಮ ಕೆಲಸ ನಿಲ್ಲುತ್ತೆ. ಮುಂದಿನ ವಾರ ಕೋಣೆಗೆ ಒಬ್ಬರೂ ಬರಲ್ಲ.

ಮೊದಲು ಲೆಕ್ಕ ಅರ್ಥ ಮಾಡ್ಕೊಳ್ರಿ. ಪ್ಯಾಕೆಟ್ ಮೇಲೆ 5 ಪರ್ಸೆಂಟ್ ಅಂತಿರುತ್ತೆ, ಹುಡುಗರು "ಐದೇ ಪರ್ಸೆಂಟ್" ಅಂದ್ಕೋತಾರೆ. ಅಂದ್ರೆ ಒಂದು ಮಿಲಿಲೀಟರಿಗೆ 50 ಮಿಲಿಗ್ರಾಂ ನಿಕೋಟಿನ್. ವೇಪ್‌ಗೆ ಸಿಕ್ಕಿಸೋ 2 ಎಂ.ಎಲ್. ದ್ರವದ ಡಬ್ಬಿ, ಅಂದ್ರೆ ಪಾಡ್‌ನಲ್ಲಿ 100 ಮಿಲಿಗ್ರಾಂ. ಮುಗಿದ ಮೇಲೆ ಎಸೆಯೋ 10 ಎಂ.ಎಲ್. ಡಿಸ್ಪೋಸಬಲ್‌ನಲ್ಲಿ 500. ಒಂದು ಸಿಗರೇಟಿನಿಂದ ಮೈಗೆ ಸೇರೋದು 1ರಿಂದ 2 ಮಿಲಿಗ್ರಾಂ. ವೇಪ್‌ನಲ್ಲಿರೋದೆಲ್ಲ ಮೈಗೆ ಹತ್ತಲ್ಲ, ನಿಜ. ಆದ್ರೆ ಇದರಲ್ಲಿರೋ ನಿಕೋಟಿನ್ ಸಾಲ್ಟ್ (ಆಮ್ಲ ಬೆರೆಸಿದ ನಿಕೋಟಿನ್) ಗಂಟಲು ಸುಡಲ್ಲ, ಅದಕ್ಕೇ ತಡೆ ಇಲ್ಲದೆ ಎಳೀತಾರೆ. "ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲ ಸಲ ಎಳೀತೀಯಪ್ಪಾ?" ಅಂತ ಕೇಳ್ರಿ. ಅರ್ಧ ಗಂಟೆಯೊಳಗೆ ಅಂದ್ರೆ ಅವಲಂಬನೆ ಗಟ್ಟಿಯಾಗಿದೆ ಅಂತ. ಬರೀ ಭಾಷಣದಿಂದ ಬಿಡಿಸೋಕಾಗಲ್ಲ.

ಎರಡನೇದು, ಉಸಿರು ಊದಿಸಿ ಕಾರ್ಬನ್ ಮೊನಾಕ್ಸೈಡ್ ನೋಡೋ ಮೀಟರ್ ಕೊಳ್ಳಬೇಡಿ. ಸಿಗರೇಟ್ ಸುಡುತ್ತೆ, ವೇಪ್ ಸುಡಲ್ಲ, ಬರೀ ಕಾಯಿಸುತ್ತೆ. ಮೀಟರ್ ಸೊನ್ನೆ ಹತ್ತಿರಾನೇ ತೋರಿಸುತ್ತೆ, ಹುಡುಗ "ನೋಡ್ರಿ ಮೇಡಂ, ನಾನು ಕ್ಲೀನ್" ಅಂತಾನೆ. ಮೂತ್ರದ ಕೋಟಿನಿನ್ (ನಿಕೋಟಿನ್ ಮೈಯೊಳಗೆ ಬದಲಾಗಿ ಆಗೋದು) ನೋಡೋ ಪಟ್ಟಿ ಮೂರು ನಾಲ್ಕು ದಿನದ ನಿಕೋಟಿನ್ ಹಿಡಿಯುತ್ತೆ, ಆದ್ರೆ ಬಿಡೋಕೆ ಅಂತ ನಿಕೋಟಿನ್ ಗಮ್ ಅಗೀತಿರೋನಿಗೂ ಗುಟ್ಕಾ ಹಾಕೋನಿಗೂ ಪಾಸಿಟಿವ್ ಬರುತ್ತೆ. ಅದನ್ನ ಶಿಕ್ಷೆಗೆ ಬಳಸಿದ್ರೆ ಅನ್ಯಾಯ.

ಕೊಪ್ಪಳ_ಎನ್ನೆಸ್ಸೆಸ್:
ಗಮ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ರಿ ಮೇಡಂ. ಖರ್ಚು ಎಷ್ಟಾಗುತ್ತೆ?

ರಾಯಚೂರು_ಆಪ್ತಸಮಾಲೋಚಕಿ:
2 ಮಿಲಿಗ್ರಾಂದು ಔಷಧಿ ಅಂಗಡಿಯಲ್ಲಿ ನೇರವಾಗಿ ಸಿಗುತ್ತೆ, 4 ಮಿಲಿಗ್ರಾಂದಕ್ಕೆ ಡಾಕ್ಟರ ಚೀಟಿ ಬೇಕು. ಮೊದಲ ಆರು ವಾರ ಒಂದೆರಡು ತಾಸಿಗೊಂದು, ದಿನಕ್ಕೆ ಹತ್ತು ಹಿಡೀರಿ: 420. ಏಳರಿಂದ ಒಂಬತ್ತನೇ ವಾರ ದಿನಕ್ಕೆ ಐದು: 105. ಕೊನೇ ಮೂರು ವಾರ ಎರಡೆರಡು ಮೂರು ಮೂರು: ಸುಮಾರು 50. ಒಬ್ಬನಿಗೆ 575 ಗಮ್. ಒಂದಕ್ಕೆ ಹತ್ತು ರೂಪಾಯಿ ಹಿಡಿದ್ರೂ 5,750. ನಿಮ್ಮ 40 ಸಾವಿರದಲ್ಲಿ ಆರೇಳು ಹುಡುಗರಿಗೆ ಮುಗೀತು. ಅದಕ್ಕೇ ಜಿಲ್ಲಾಸ್ಪತ್ರೆಯ ವ್ಯಸನಮುಕ್ತಿ ಕೇಂದ್ರದ ದಾಸ್ತಾನಿಂದ ತಗೊಳ್ರಿ, ಬೇಡಿಕೆ ಪತ್ರ ಸೆಮಿಸ್ಟರ್ ಶುರುವಾಗೋ ಮುಂಚೆ ಕೊಡ್ರಿ. ದಾಸ್ತಾನು ನಡುವೆ ಮುಗಿದ್ರೆ ಮೂರನೇ ವಾರಕ್ಕೆ ಹುಡುಗ ಮತ್ತೆ ಪಾಡ್ ಹಿಡೀತಾನೆ. ನಿಮ್ಮ ದುಡ್ಡು ದಾಸ್ತಾನು ಮುಗಿದು ಮತ್ತೆ ಬರೋವರೆಗಿನ ಹದಿನೈದು ದಿನಕ್ಕೆ ಇಟ್ಕೊಳ್ರಿ. 18 ತುಂಬದವರಿಗೆ ಡಾಕ್ಟರನ್ನ ಕೇಳದೆ ಕೊಡಬೇಡಿ.

ಎಲ್ಲರೂ ಅಗಿಯೋದ್ರಲ್ಲೇ ಎಡವೋದು. ಚೂಯಿಂಗ್ ಗಮ್ ಥರ ಕಚಕಚ ಅಗಿದು ರಸ ನುಂಗ್ತಾರೆ, ಬಿಕ್ಕಳಿಕೆ, ಎದೆ ಉರಿ, "ಇದು ಆಗಲ್ಲ ಮೇಡಂ" ಅಂತ ಎಸೀತಾರೆ. ನಿಧಾನ ಅಗೀಬೇಕು. ನಾಲಿಗೆ ಚುರುಗುಟ್ಟಿದ ಕೂಡ್ಲೇ ನಿಲ್ಲಿಸಿ ಕೆನ್ನೆ ವಸಡಿನ ಸಂದಿಯಲ್ಲಿ ಇಡಬೇಕು. ಚುರುಕು ಇಳಿದ ಮೇಲೆ ಮತ್ತೆ ನಾಲ್ಕು ಸಲ ಅಗೀಬೇಕು, ಜಾಗ ಬದಲಿಸಬೇಕು. ಹಿಂಗೆ ಅರ್ಧ ಗಂಟೆ. ಅದಕ್ಕೆ 15 ನಿಮಿಷ ಮುಂಚೆ, ಬಾಯಲ್ಲಿರೋವಾಗ ಚಹಾ, ಕಾಫಿ, ಸೋಡಾ ಬೇಡ. ಬಾಯಿ ಹುಳಿಯಾದ್ರೆ ನಿಕೋಟಿನ್ ವಸಡಿನಿಂದ ಇಳಿಯಲ್ಲ. ನಮ್ಮ ಕಡೆ ಗಳಿಗೆಗೊಂದು ಚಹಾ, ಇಲ್ಲೇ ಕೆಡೋದು.

ಗಂಗಾವತಿ_ವಕೀಲ:
ಎಲ್ಲರೂ ಕಾನೂನು ಮರೆತು ಮಾತಾಡ್ತಿದೀರಿ. ಇ-ಸಿಗರೇಟ್ ನಿಷೇಧ ಕಾಯ್ದೆ 2019ರದು, ಸುಗ್ರೀವಾಜ್ಞೆ ಅದೇ ವರ್ಷ ಸೆಪ್ಟೆಂಬರ್ 18ರಂದೇ ಬಂತು. ಮಾರಾಟ, ಸಾಗಣೆ, ಜಾಹೀರಾತಿಗೆ ಮೊದಲ ಸಲ ಒಂದು ವರ್ಷದವರೆಗೆ ಜೈಲು ಇಲ್ಲವೆ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಮತ್ತೆ ಸಿಕ್ಕರೆ ಮೂರು ವರ್ಷ, ಐದು ಲಕ್ಷ. ದಾಸ್ತಾನಿಗೆ ಆರು ತಿಂಗಳು ಇಲ್ಲವೆ 50 ಸಾವಿರ. ಸೇದುವವನಿಗೆ ಮಾತ್ರ ಈ ಕಾಯ್ದೆ ಶಿಕ್ಷೆ ಬರೆದಿಲ್ಲ. ಹಾಗಾಗಿ ಪ್ರಾಂಶುಪಾಲರು ಹುಡುಗನ ಮೇಲೆ ಕೇಸ್ ಹಾಕ್ಸೋಕೆ ಓಡೋದು ಬೇಡ. ಪೊಲೀಸರಿಗೆ ಕೊಡಬೇಕಾದ್ದು ಮಾರುವವನ ಮಾಹಿತಿ: ಯಾವ ಝೆರಾಕ್ಸ್ ಅಂಗಡಿ, ಯಾವ ಕೊರಿಯರ್, ಯಾವ ಇನ್‌ಸ್ಟಾಗ್ರಾಂ ಖಾತೆ. ತಪಾಸಣೆ, ಜಪ್ತಿ ಅಧಿಕಾರ ಸಬ್ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರಿಗಿಲ್ಲ. ಪತ್ರ ಅವರ ಹೆಸರಿಗೇ ಇರಲಿ.

ಕೆಲವು ಕಾಲೇಜು "ತಂದು ಹಾಕಿ, ಹೆಸರು ಕೇಳಲ್ಲ" ಅಂತ ಡಬ್ಬಿ ಇಡ್ತಾವೆ. ಅದೇ ಡಬ್ಬಿ ತಿಂಗಳುಗಟ್ಟಲೆ ತುಂಬಿಕೊಂಡು ಕೂತರೆ ದಾಸ್ತಾನು ಯಾರದು ಅಂತ ಪ್ರಶ್ನೆ ಏಳುತ್ತೆ. ಠಾಣೆಗೆ ಮೊದಲೇ ಬರೆದು, ವಾರಕ್ಕೊಮ್ಮೆ ಎಣಿಸಿ ಒಪ್ಪಿಸಿ, ಸ್ವೀಕೃತಿ ತಗೊಳ್ಳಿ.

ತೋರಣಗಲ್ಲು_ಸೇಫ್ಟಿ:
ಡಬ್ಬಿ ರಟ್ಟಿಂದು, ಪ್ಲಾಸ್ಟಿಕ್ಕಿಂದು ಇಡಬ್ಯಾಡ್ರಿ. ಒಳಗಿರೋದು ಲಿಥಿಯಂ ಬ್ಯಾಟರಿ. ಬಳ್ಳಾರಿ, ರಾಯಚೂರು ಬ್ಯಾಸಿಗ್ಯಾಗ 40 ಡಿಗ್ರಿ ದಾಟ್ತದ, ಬಿಸಿಲಿಗೆ ಬಿದ್ದ ಡಬ್ಬಿ ಅದಕ್ಕಿಂತ ಕಾಯ್ತದ. ಮುಚ್ಚಳದ ತಗಡಿನ ಡಬ್ಬಿ, ತಳಕ್ಕ ನಾಲ್ಕು ಬೆರಳು ಒಣ ಮರಳು, ನೆರಳಿನ ಗೋಡಿಗೆ. ಚಾರ್ಜಿಂಗ್ ಕಿಂಡಿಗೂ ಬಾಯಿಗಿಡೋ ತುದಿಗೂ ಟೇಪ್ ಸುತ್ರಿ, ಎಳೆದ ಗಾಳಿಗೇ ಚಾಲೂ ಆಗೋ ಸಾಧನ ಅದು. ಸೋರಿದ ದ್ರವ ಚರ್ಮದಿಂದ ಒಳಗ ಹೋಗ್ತದ, ನೈಟ್ರೈಲ್ ಗ್ಲೌಸ್ ಇಲ್ದ ಮುಟ್ಟಬ್ಯಾಡ್ರಿ. ಕಸದ ಗಾಡಿಗೆ ಹಾಕಿದ್ರ ಕಸ ಒತ್ತೋ ಯಂತ್ರ (ಕಾಂಪ್ಯಾಕ್ಟರ್) ಒತ್ತಿದಾಗ ಬೆಂಕಿ.

ಸಿಂಧನೂರು_ಉಪನ್ಯಾಸಕ:
ಊರಿಗೆ ಊರೇ ಗುಟ್ಕಾ ಜಗೀತಾ ಇರೋವಾಗ ನಾಲ್ಕು ಹುಡುಗ್ರ ಪೆನ್ನಿನ ಮ್ಯಾಲೆ ಇಷ್ಟು ರಂಪ ಯಾಕ? 2016-17ರ ವಯಸ್ಕರ ತಂಬಾಕು ಸಮೀಕ್ಷೆಯೊಳಗ ಕರ್ನಾಟಕದಾಗ ನೂರಕ್ಕ 22.8 ಮಂದಿ ತಂಬಾಕು ಬಳಸ್ತಾರ ಅಂತ ಬಂದದ. ಅದರಾಗ ಹೊಗೆಯಿಲ್ಲದ್ದೇ ಜಾಸ್ತಿ. ನಿಮ್ಮ 40 ಸಾವಿರ ಅಲ್ಲಿಗೆ ಹಾಕ್ರಿ.

ರಾಯಚೂರು_ಆಪ್ತಸಮಾಲೋಚಕಿ:
ಉಪನ್ಯಾಸಕರೇ, ಅದನ್ನ ಬಿಡ್ರಿ ಇದನ್ನ ಹಿಡೀರಿ ಅನ್ನೋ ಮಾತೇ ತಪ್ಪು. ಒಂದೇ ಹುಡುಗ ಹಾಸ್ಟೆಲ್‌ನಲ್ಲಿ ವೇಪ್, ಊರಿಗೆ ಹೋದಾಗ ಗುಟ್ಕಾ ಮಾಡ್ತಾನೆ. ನಮ್ಮ ನಮೂನೆಯಲ್ಲಿ ಎರಡನ್ನೂ ಕೇಳ್ತೀವಿ. ಒಂದೇ ಕೇಳಿದ್ರೆ ವೇಪ್ ಬಿಟ್ಟ ಅಂತ ಬರ್ಕೋತೀವಿ, ಅವನು ಕೆನ್ನೆಯಲ್ಲಿ ಗುಟ್ಕಾ ಇಟ್ಕೊಂಡು ಎದುರಿಗೆ ಕೂತಿರ್ತಾನೆ.

ಇನ್ನೊಂದು, ಪೋಸ್ಟರ್ ಮೇಲೆ ಹೆದರಿಸೋ ಚಿತ್ರ ಬೇಡ. 2019ರಲ್ಲಿ ಅಮೆರಿಕದಲ್ಲಿ ಆದ ಶ್ವಾಸಕೋಶದ ಕಾಯಿಲೆಯ ಅಂಕಿ, 2,807 ಮಂದಿ ಆಸ್ಪತ್ರೆಗೆ, 68 ಸಾವು, ಹಾಕಿಬಿಡ್ತಾರೆ. ಅದರಲ್ಲಿ ಹೆಚ್ಚಿನವು ಗಾಂಜಾ ಸತ್ವದ ಪಾಡ್‌ಗೆ ಬೆರೆಸಿದ ವಿಟಮಿನ್ ಇ ಅಸಿಟೇಟ್‌ನಿಂದ ಆದದ್ದು. ಹುಡುಗ ಗೂಗಲ್ ಮಾಡ್ತಾನೆ, ಅಲ್ಲಿಂದ ನಿಮ್ಮ ಒಂದು ಮಾತೂ ನಂಬಲ್ಲ. ನಿಕೋಟಿನ್ ಲೆಕ್ಕ ಬರೀರಿ, ಕೆಳಗೆ ತಂಬಾಕು ಬಿಡಿಸೋ ಸಹಾಯವಾಣಿ 1800-11-2356 ಮತ್ತು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ 14416 ಹಾಕ್ರಿ, ಸಾಕು.

ಬಳ್ಳಾರಿ_ವಾರ್ಡನ್:
ಮೇಡಂ, ನಿಮ್ಮ ಕೋಣೆಗೆ ಎಷ್ಟು ಮಂದಿ ಬರ್ತಾರ ಹೇಳ್ರಿ ಮೊದಲು. ನಮ್ಮಲ್ಲಿ ಸಮಾಲೋಚಕರು ನಾಲ್ಕು ಗುರುವಾರ ಬಂದು ಖಾಲಿ ಕುರ್ಚಿ ನೋಡ್ಕೊಂಡು ಹೋದ್ರು. ಹೋಗಿ ಬರೋ ಖರ್ಚು ನಾವೇ ಕೊಟ್ವಿ, ಸಲಕ್ಕ 600.

ರಾಯಚೂರು_ಆಪ್ತಸಮಾಲೋಚಕಿ:
ಎಲ್ಲಿ ಕೂಡ್ಸಿದ್ರಿ? ಪ್ರಾಂಶುಪಾಲರ ಕೋಣೆ ಪಕ್ಕ? ಎಷ್ಟು ಹೊತ್ತಿಗೆ?

ಬಳ್ಳಾರಿ_ವಾರ್ಡನ್:
ಪ್ರಾಂಶುಪಾಲರ ಆಂಟಿ ಚೇಂಬರ್. ಸಂಜಿ ನಾಲ್ಕೂವರೆಗೆ.

ರಾಯಚೂರು_ಆಪ್ತಸಮಾಲೋಚಕಿ:
ಅಲ್ಲಿಗೆ ಯಾವ ಹುಡುಗ ಬರ್ತಾನೆ ಸರ್! ಹಳ್ಳಿಯಿಂದ ಬರೋರಿಗೆ ಆ ಹೊತ್ತಿಗೆ ಬಸ್ಸಿನ ಚಿಂತೆ. ಮಧ್ಯಾಹ್ನ ಒಂದರಿಂದ ಎರಡು, ಗ್ರಂಥಾಲಯದ ಹಿಂದಿನ ಕೋಣೆ ಇಲ್ಲ ಆಟದ ಸಾಮಾನಿನ ಕೋಣೆ. ಹೆಸರು ಬೇಡ, ಕೋಡ್ ಸಂಖ್ಯೆ ಸಾಕು. ವಹಿ ನಮ್ಮ ಹತ್ರ ಇರಬೇಕು, ಕಾಲೇಜಿನ ಹತ್ರ ಅಲ್ಲ. ಇದನ್ನ ಒಡಂಬಡಿಕೆ ಪತ್ರದಲ್ಲೇ ಬರೆಸ್ರಿ. ಹುಡುಗಿಯರಿಗೆ ಬೇರೆ ದಿನ. ಬಿಡೋ ದಿನ ಇಂಟರ್ನಲ್ಸ್ ವಾರದಲ್ಲಿ ಇಡಬೇಡಿ. ಬಿಟ್ಟ ಎರಡು ಮೂರನೇ ದಿನ ತಹತಹ ಹೆಚ್ಚು, ಅವತ್ತು ನಮ್ಮಿಂದ ಹುಡುಗನಿಗೇ ಫೋನ್ ಹೋಗಲೇಬೇಕು, ಮನೆಗಲ್ಲ. ಆಮೇಲೆ ಏಳನೇ ದಿನ, ಹದಿನಾಲ್ಕು, ತಿಂಗಳು, ಮೂರು ತಿಂಗಳು, ಆರು ತಿಂಗಳು.

ಸಿಂಧನೂರು_ಉಪನ್ಯಾಸಕ:
ಗೇಟಿನ ಎದುರಿನ ಡಬ್ಬಾ ಅಂಗಡಿ ಎತ್ತಿಸದೆ ಇದ್ಯಾವುದೂ ನಡೆಯಂಗಿಲ್ಲ. ಕಾಲೇಜಿನ ನೂರು ಗಜದೊಳಗ ತಂಬಾಕು ಮಾರಂಗಿಲ್ಲ ಅಂತ ನಾವು ಮುಖ್ಯ ಗೇಟಿನಿಂದ ಟೇಪ್ ಹಿಡಿದು ನೂರು ಗಜಕ್ಕ ಹಳದಿ ಗೆರೆ ಎಳೆದ್ವಿ. ಅಂಗಡಿಯವ ಹಿಂದಿನ ಗೇಟಿಗೆ ಹೋದ.

ಗಂಗಾವತಿ_ವಕೀಲ:
ಗೇಟಿನಿಂದ ಅಳೆದದ್ದೇ ತಪ್ಪು. ತಂಬಾಕು ಮುಕ್ತ ಶಿಕ್ಷಣ ಸಂಸ್ಥೆ ಮಾರ್ಗಸೂಚಿ ಪ್ರಕಾರ ಕಾಂಪೌಂಡಿನ ಹೊರ ಅಂಚಿನಿಂದ, ಸುತ್ತಲೂ. ನೂರು ಗಜ ಅಂದ್ರೆ 91 ಮೀಟರ್ ಚಿಲ್ಲರೆ. ಹಿಂದಿನ ಗೇಟೂ ಅದರೊಳಗೇ ಬರುತ್ತೆ. ನಕಾಶೆ ಮಾಡಿ ನಗರಸಭೆಗೂ ಒಂದು ಪ್ರತಿ ಕೊಡಿ.

ಸಿಂಧನೂರು_ಉಪನ್ಯಾಸಕ:
ನಮ್ಮಲ್ಲಿ ಹಿಂದಿನ ಕಡೆ ಕಾಂಪೌಂಡೇ ಇಲ್ರಿ, ಕಾಲುವಿ ಅದ. ಕಾಲುವಿ ಈಚೆ ದಂಡಿಯಿಂದ ಅಳೀಬೇಕೋ, ಆಚೆಯಿಂದೋ?

ಗಂಗಾವತಿ_ವಕೀಲ:
ಕಾಲೇಜಿನ ಜಾಗದ ಹದ್ದು ಎಲ್ಲಿಗೆ ಮುಗಿಯುತ್ತೋ ಅಲ್ಲಿಂದ. ಸರ್ವೆ ನಕಾಶೆ ತೆಗೆಸ್ರಿ.