‘ಬೇಬ್ಸ್ ಆನ್ ಬ್ರಾಡ್‌ವೇ’ ತೋರಿಸುವ ಮುನ್ನ: ಅನುಭವ ಹಂಚಿಕೆ

ಪ್ರಶ್ನೆ: ನಮ್ಮ ಕಾಲೇಜಿನ ರಂಗತಂಡಕ್ಕೆ ಬಸ್ಬಿ ಬರ್ಕ್ಲಿ ನಿರ್ದೇಶನದ ಹಾಲಿವುಡ್ಡಿನ ಹಾಡು-ಕುಣಿತದ ಚಿತ್ರ ‘ಬೇಬ್ಸ್ ಆನ್ ಬ್ರಾಡ್‌ವೇ’ (1941) ತೋರಿಸಬೇಕೆಂದಿದ್ದೇವೆ. ಸಿಗುವುದು ಎರಡು ಗಂಟೆ. ಕನ್ನಡ ಸಬ್‌ಟೈಟಲ್ ನಾವೇ ಮಾಡುತ್ತಿದ್ದೇವೆ. ಏನೇನು ಗಮನಿಸಬೇಕು?

• ಸಿನಿಮಾವೇ 118 ನಿಮಿಷ, ಚರ್ಚೆಗೆ ಸಮಯ ಉಳಿಯೋಲ್ಲ. ಕತೆ ತೆಳು: ಅವಕಾಶಕ್ಕೆ ಅಲೆಯುವ ಹುಡುಗರು ಬಡಮಕ್ಕಳಿಗೆ ಹಣ ಎತ್ತುವ ನೆಪದಲ್ಲಿ ತಾವೇ ಬೆಳಕಿಗೆ ಬರಲು ನೋಡುತ್ತಾರೆ. ಅದನ್ನು ಬಾಯಲ್ಲೇ ಹೇಳಿಬಿಡಿ. ಬಿಡಬಾರದ್ದು ಪಾಳುಬಿದ್ದ ಥಿಯೇಟರಿನ ದೃಶ್ಯ. ಅಲ್ಲಿ ನಾಯಕ ಮಿಕಿ ರೂನಿ ಹಳೆಯ ರಂಗತಾರೆಯರನ್ನು ಅನುಕರಿಸುತ್ತಾನೆ: ಸ್ಕಾಟ್ಲೆಂಡಿನ ಗಾಯಕ ಹ್ಯಾರಿ ಲಾಡರ್ ಆಗುತ್ತಾನೆ, ಅಮೆರಿಕದ ನಟ-ಗಾಯಕ ಜಾರ್ಜ್ ಕೋಹನ್ ಆಗುತ್ತಾನೆ. ನಾಯಕಿ ಜೂಡಿ ಗಾರ್ಲೆಂಡ್ ಫ್ರೆಂಚ್ ರಂಗನಟಿ ಸಾರಾ ಬರ್ನಾರ್ ಆಗಿ ಫ್ರಾನ್ಸಿನ ರಾಷ್ಟ್ರಗೀತೆ ಹೇಳುತ್ತಾಳೆ. 1940ರ ಜೂನಿನಲ್ಲೇ ಪ್ಯಾರಿಸ್ ಜರ್ಮನ್ನರ ಕೈಸೇರಿತ್ತು ಅನ್ನುವುದನ್ನು ಮೊದಲೇ ತಿಳಿಸದಿದ್ದರೆ ಆ ಸಾಲುಗಳ ಬಿಸಿ ತಟ್ಟುವುದಿಲ್ಲ. ಒಮ್ಮೆ ಧ್ವನಿ ಮುಚ್ಚಿ ತೋರಿಸಿ: ನಿಲುವು, ಕತ್ತು, ಕೈ ಹೇಗೆ ಬದಲಾಗುತ್ತವೆ ನೋಡಲಿ. ಆಮೇಲೆ ಧ್ವನಿ ಸಮೇತ. ಅಭ್ಯಾಸಕ್ಕೆ ಗಾರ್ಲೆಂಡಳನ್ನು ಅನುಕರಿಸುವುದು ಬೇಡ, ಅದು ನಕಲಿನ ನಕಲಾಗುತ್ತದೆ. ಧ್ವನಿಮುದ್ರಿಕೆ ಉಳಿದಿರುವ ನಮ್ಮ ಕಂಪನಿ ನಾಟಕದ ನಟರನ್ನೇ ಆರಿಸಿಕೊಳ್ಳಲಿ.

• ಒಂದು ಎಚ್ಚರಿಕೆ. ಕೊನೆಯ ದೊಡ್ಡ ಪ್ರದರ್ಶನ ‘ಮಿನ್‌ಸ್ಟ್ರೆಲ್’ ಮಾದರಿಯದು, ಬಿಳಿಯ ನಟರು ಮುಖಕ್ಕೆ ಕಪ್ಪು ಬಳಿದುಕೊಂಡು ಕುಣಿಯುತ್ತಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದಲ್ಲಿ ಹುಟ್ಟಿ, ಕರಿಯರನ್ನು ಅಣಕಿಸಿಯೇ ಬೆಳೆದ ಆಟ ಅದು. ಕತ್ತರಿಸಿ ಮುಚ್ಚಿಡುವುದಕ್ಕಿಂತ, ಶುರುವಾಗುವ ಮುಂಚೆ ನಿಲ್ಲಿಸಿ ಎರಡು ಮಾತು ಹೇಳುವುದು ಮೇಲು. ರೂನಿ ಬ್ರೆಜಿಲಿನ ಗಾಯಕಿ-ನಟಿ ಕಾರ್ಮೆನ್ ಮಿರಾಂಡಾ ವೇಷ ಹಾಕುವ ಭಾಗ ಹಗುರ ಹಾಸ್ಯ, ಸಮಯ ಸಾಲದಿದ್ದರೆ ಬಿಟ್ಟರೂ ನಡೆಯುತ್ತದೆ.

• ಸಬ್‌ಟೈಟಲ್ ವಿಷಯ: ನಿಮ್ಮ ಡಿಸ್ಕ್ ಎಷ್ಟು ನಿಮಿಷ ತೋರಿಸುತ್ತದೆ ನೋಡಿ. ಸುಮಾರು 113 ಇದ್ದರೆ ಅದು ಪಾಲ್ (ಸೆಕೆಂಡಿಗೆ 25 ಫ್ರೇಮಿನ ಟಿವಿ ಪದ್ಧತಿ) ಪ್ರತಿ. ಸೆಕೆಂಡಿಗೆ 24 ಫ್ರೇಮಿನ ಚಿತ್ರ 25ರಲ್ಲಿ ಓಡುತ್ತದೆ. 24ಕ್ಕೆ ಹೊಂದಿಸಿದ ಸಬ್‌ಟೈಟಲ್ ಮೊದಲು ಸರಿಯಾಗೇ ಕಾಣುತ್ತದೆ, ಹತ್ತನೇ ನಿಮಿಷಕ್ಕೆ ಸುಮಾರು 24 ಸೆಕೆಂಡ್ ಹಿಂದೆ ಬೀಳುತ್ತದೆ. ಮುಂದೆ ಹಿಂದೆ ಸರಿಸಿದರೆ ಅದು ಸರಿಹೋಗದು. ಎಲ್ಲ ಸಮಯವನ್ನೂ 0.96ರಿಂದ ಗುಣಿಸಬೇಕು. ‘ಸಬ್‌ಟೈಟಲ್ ಎಡಿಟ್’ ಎಂಬ ತಂತ್ರಾಂಶದಲ್ಲಿ ಫ್ರೇಮ್ ರೇಟ್ ಬದಲಿಸಿದರೆ ಅದೇ ಮಾಡಿಕೊಡುತ್ತದೆ. ಕಡತವನ್ನು ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಉಳಿಸದಿದ್ದರೆ ಕನ್ನಡದ ಬದಲು ಚಿತ್ರವಿಚಿತ್ರ ಗುರುತುಗಳು ಬರುತ್ತವೆ. ಅಕ್ಷರದ ಜಾಗದಲ್ಲಿ ಬರೀ ಚೌಕ ಕಂಡರೆ ಮಾತ್ರ ಅದು ಫಾಂಟಿನ ತೊಂದರೆ, ‘ನೋಟೊ ಸಾನ್ಸ್ ಕನ್ನಡ’ ಹಾಕಿಕೊಳ್ಳಿ.

ಪ್ರಶ್ನೆ ಕೇಳಿದವರು: ಹಾಡುಗಳನ್ನೂ ಅನುವಾದಿಸಬೇಕಾ?

• ಪ್ರಾಸ ಹಿಡಿಯಲು ಹೋಗಬೇಡಿ ಮೇಡಂ. ‘ಹೌ ಅಬೌಟ್ ಯೂ’ ರೂನಿ, ಗಾರ್ಲೆಂಡ್ ಇಬ್ಬರೂ ತಮಗಿಷ್ಟವಾದುದನ್ನು ಒಂದೊಂದಾಗಿ ಎಣಿಸುವ ಹಾಡು. ಪ್ರತಿ ಸಾಲಿಗೂ ನಾಲ್ಕೈದು ಪದ ಸಾಕು. ಕುಣಿತ ಬಂದ ಮೇಲೆ ಸಬ್‌ಟೈಟಲ್ ಪೂರ್ತಿ ತೆಗೆಯಿರಿ, ಇಲ್ಲದಿದ್ದರೆ ಕಣ್ಣು ಕಾಲಿನ ಮೇಲೆ ನಿಲ್ಲುವುದಿಲ್ಲ. ಇನ್ನೊಂದು ಮಾತು: ಬ್ರಿಟಿಷ್ ಮಕ್ಕಳಿಗಾಗಿ ಗಾರ್ಲೆಂಡ್ ಹಾಡುವಾಗ ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಚಿತ್ರೀಕರಣ ಮುಗಿದದ್ದು ಅಮೆರಿಕವನ್ನು ಯುದ್ಧಕ್ಕೆ ಎಳೆದ ಪರ್ಲ್ ಹಾರ್ಬರ್ ದಾಳಿಗೆ ಮುಂಚೆ, ಬಿಡುಗಡೆಯಾದದ್ದು ದಾಳಿಯ ನಂತರ, ಡಿಸೆಂಬರ್ 31ಕ್ಕೆ. ಇದನ್ನು ತೆರೆಯ ಮೇಲೆ ಒಂದು ಸಾಲಾಗಿ ಹಾಕಬಹುದು.

• ಪ್ರೊಜೆಕ್ಟರಿನಲ್ಲಿ ‘ಫುಲ್’ ಅಥವಾ ‘ಝೂಮ್’ ಒತ್ತಬೇಡಿ. ಇದು 1.37:1 ಚಿತ್ರ, ಅಂದರೆ ಅಗಲ ಎತ್ತರದ 1.37 ಪಟ್ಟು; ‘ಫುಲ್’ನಲ್ಲಿ ನರ್ತಕರು ಕುಳ್ಳಾಗಿ ಕಾಣುತ್ತಾರೆ, ‘ಝೂಮ್’ನಲ್ಲಿ ಪಾದಗಳೇ ಕತ್ತರಿಸಿಹೋಗುತ್ತವೆ. ಎರಡೂ ಬದಿ ಕಪ್ಪುಪಟ್ಟಿ ಇರಲಿ. ಧ್ವನಿ ಮೋನೊ (ಒಂದೇ ವಾಹಿನಿಯದು), ಆದ್ದರಿಂದ ‘ಸರೌಂಡ್’ ಬಂದ್ ಮಾಡಿ. ಕಾಯ್ದೆಯ ಮಟ್ಟಿಗೆ, ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮಿನ ವಿನಾಯಿತಿ ಇರುವುದು ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರು ಹೀಗೆ ಸಂಸ್ಥೆಗೆ ಸೇರಿದವರ ಮುಂದೆ ತೋರಿಸಲು. ಊರವರಿಗೆಲ್ಲ ಪೋಸ್ಟರ್ ಅಂಟಿಸಿ ಕರೆದರೆ ಆ ರಕ್ಷಣೆ ಇರುವುದಿಲ್ಲ.